ಹದಿನೇಳು ತಾಸು ಎಂದಿದ್ದೆ

‘ಅಮೆರಿಕಾದಿಂದ ಬರಾಕ ಎಷ್ಟ್ ತಾಸು ಹಿಡಿತೈತ್ರಿ?’

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎಲುಬಿನ ಡಾಕ್ಟರು ನನ್ನನ್ನು ಹೀಗೆ ಕೇಳಿದಾಗ 2024ರ ಜನವರಿ 9, ಮಂಗಳವಾರ, ಬೆಳಿಗ್ಗೆ 11 ಗಂಟೆ. ಹಿಂದಿನ ರಾತ್ರಿ ನಮ್ಮಜ್ಜಿ ಬಚ್ಚಲುಮನೆಯ ಕಲ್ಲಿನ ಮೇಲೆ ಜಾರಿ ಬಿದ್ದಿದ್ದರು. 81 ವರ್ಷ. ತೊಡೆಯ ಮೂಳೆ ಸೊಂಟಕ್ಕೆ ಸೇರುವ ಜಾಗದಲ್ಲೇ ಮುರಿದಿತ್ತು. ಶಿರಸಿ ಕಡೆಯ ನಮ್ಮ ಹಳ್ಳಿಯಿಂದ ಆಂಬುಲೆನ್ಸ್‌ನಲ್ಲಿ ನೂರು ಚಿಲ್ಲರೆ ಕಿಲೋಮೀಟರ್ ಬಂದು ಬೆಳಗಿನ ಜಾವಕ್ಕೆ ಹುಬ್ಬಳ್ಳಿ ಮುಟ್ಟಿದ್ದೆವು. ಘಟ್ಟದ ತಿರುವು, ರಸ್ತೆಯ ಗುಂಡಿ ಒಂದೊಂದಕ್ಕೂ ಅಜ್ಜಿ ನರಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ.

ಈ ವಯಸ್ಸಿನವರಿಗೆ ಇಂಥ ಮುರಿತವಾದರೆ ಆಪರೇಷನ್ ಎರಡು ದಿನದೊಳಗೆ ಆಗಿಬಿಡಬೇಕಂತೆ. ಮಲಗಿದಲ್ಲೇ ಮಲಗಿದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ. ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದರು. ಆದರೆ ಅಜ್ಜಿಯದು ಒಂದೇ ಮಾತು: ‘ಕೂಸು ಬಪ್ಪ ತನಕ ಆನು ಒಳಗೆ ಹೋಗ್ತ್ನಿಲ್ಲೆ.’

ಕೂಸು ಎಂದರೆ ನನ್ನ ಅಕ್ಕ. ನಮ್ಮ ಕಡೆ ಹುಡುಗಿಗೆ ಎಷ್ಟು ವರ್ಷವಾದರೂ ಅಜ್ಜಿಯ ಬಾಯಲ್ಲಿ ಕೂಸೇ. ಅಕ್ಕನಿಗೆ 33. ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಅಮ್ಮ ಕಾಯಿಲೆ ಬಿದ್ದಿದ್ದ ವರ್ಷಗಳಲ್ಲಿ ಅವಳನ್ನು ಸಾಕಿದ್ದು, ಶಾಲೆಗೆ ಕಳಿಸಿದ್ದು, ಹಾಸ್ಟೆಲ್‌ಗೆ ಹೋಗುವಾಗ ಟ್ರಂಕಿನಲ್ಲಿ ಉಪ್ಪಿನಕಾಯಿ ಬಾಟಲಿ ತುರುಕಿದ್ದು ಅಜ್ಜಿಯೇ.

ಡಾಕ್ಟರ ಪ್ರಶ್ನೆಗೆ ನಾನು ಫೋನ್ ತೆಗೆದೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರು ಎಂದು ಟೈಪ್ ಮಾಡಿದೆ. ಅರೆಕ್ಷಣದಲ್ಲಿ ಉತ್ತರ ಬಂತು: ದೂರ ಸುಮಾರು 14,000 ಕಿ.ಮೀ., ನೇರ ವಿಮಾನಕ್ಕೆ 17 ಗಂಟೆ ಚಿಲ್ಲರೆ. ‘ಹದಿನೇಳು ತಾಸು ಸರ್’ ಎಂದೆ. ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿದ್ದ ನನಗೆ ಯಾರಾದರೂ ಪ್ರಶ್ನೆ ಕೇಳಿ ನಾನು ತಡವರಿಸದೆ ಉತ್ತರ ಕೊಟ್ಟಿದ್ದು ಆ ಆರು ತಿಂಗಳಲ್ಲಿ ಅದೇ ಮೊದಲು.

‘ಹಂಗಾದ್ರ ನಾಳೆ ಮಧ್ಯಾಹ್ನ ಮೂರಕ್ಕ ಥಿಯೇಟರ್ ಹಾಕ್ತೀನಿ. ಅಷ್ಟೊತ್ತಿಗೆ ಬಂದಿರ್ತಾರ’ ಎಂದು ಡಾಕ್ಟರು ಬರೆದುಕೊಂಡರು. ನಾನು ವಾರ್ಡಿಗೆ ಹೋಗಿ ಅಜ್ಜಿಗೂ ಹೇಳಿದೆ, ನಾಳೆ ಮಧ್ಯಾಹ್ನ ಅಕ್ಕ ನಿನ್ನ ಪಕ್ಕದಲ್ಲಿ ಇರುತ್ತಾಳೆ ಅಂತ. ಅಜ್ಜಿ ಕಣ್ಣು ಮುಚ್ಚಿ ತಲೆಯಾಡಿಸಿದರು.

ನಾನು ಹೇಳಿದ್ದು ಸುಳ್ಳಲ್ಲ. ಆದರೆ ಆ 17 ಗಂಟೆ ಯಾರ ಪ್ರಯಾಣದ ಸಮಯವೂ ಅಲ್ಲ, ಒಂದು ವಿಮಾನದ್ದು ಮಾತ್ರ. ಇದು ತಿಳಿಯಲು ನನಗೆ ಮತ್ತೊಂದು ಗಂಟೆ ಸಾಕಾಯಿತು.

ಅಕ್ಕನಿಗೆ ಫೋನ್ ಮಾಡಿದಾಗ ಅವಳ ಗಡಿಯಾರದಲ್ಲಿ ರಾತ್ರಿ 9.30. ಒಂದು ಗಂಟೆ ಬಿಟ್ಟು ಅವಳೇ ಮಾಡಿದಳು. ಬೆಂಗಳೂರಿಗೆ ನೇರ ವಿಮಾನ ಆಗ ದಿನಾ ಇರುತ್ತಿರಲಿಲ್ಲ. ಅವಳಿಗೆ ಬೇಕಾದ ದಿನಕ್ಕೆ ಸಿಕ್ಕಿದ್ದು ದುಬೈ ಮೇಲೆ ಬರುವ ಟಿಕೆಟ್. ‘ಮಂಗಳವಾರ ಸಂಜೆ 4.45ಕ್ಕೆ ಹೊರಡ್ತೇನೆ’ ಎಂದಳು.

‘ಅಂದರೆ ಇವತ್ತೇ ಸಂಜೆ!’ ಎಂದೆ ಖುಷಿಯಿಂದ.

‘ನಿನಗೆ ಇವತ್ತು ಮಂಗಳವಾರ. ನನಗಿನ್ನೂ ಸೋಮವಾರ ರಾತ್ರಿ ಕಣೋ.’

ಆಸ್ಪತ್ರೆಯ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಅವಳ ಮಂಗಳವಾರ ಸಂಜೆ 4.45 ಎಂದರೆ ನಮಗೆ ಬುಧವಾರ ಬೆಳಿಗ್ಗೆ 6.15. ಅಲ್ಲಿಂದ ದುಬೈಗೆ ಹದಿನೈದೂಮುಕ್ಕಾಲು ಗಂಟೆ, ಅಂದರೆ ನಮ್ಮ ಬುಧವಾರ ರಾತ್ರಿ 10. ದುಬೈ ನಿಲ್ದಾಣದಲ್ಲಿ ಏಳು ಗಂಟೆ ಕಾಯಬೇಕು. ಬೆಂಗಳೂರಿಗೆ ಮತ್ತೆ ಮೂರೂಮುಕ್ಕಾಲು ಗಂಟೆ. ಗುರುವಾರ ಬೆಳಿಗ್ಗೆ 8.45ಕ್ಕೆ ಇಳಿದು, ಇಮಿಗ್ರೇಷನ್ ಸಾಲು, ಲಗೇಜು ಎಲ್ಲ ಮುಗಿದು ಹೊರಗೆ ಬಂದರೆ 10. ಅಲ್ಲಿಂದ ಟ್ಯಾಕ್ಸಿಯಲ್ಲಿ ಹುಬ್ಬಳ್ಳಿಗೆ ಏಳು ಗಂಟೆ. ಗುರುವಾರ ಸಂಜೆ 5. ಡಾಕ್ಟರು ಪ್ರಶ್ನೆ ಕೇಳಿದ ಕ್ಷಣದಿಂದ ಲೆಕ್ಕ ಹಿಡಿದರೆ 54 ಗಂಟೆ. ನಾನು ಹೇಳಿದ್ದು 17.

ಇನ್ನೊಂದು ಲೆಕ್ಕ ಆ ಬಿಲ್ಲಿನ ಮೂಲೆಯಲ್ಲೇ ಇದೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ದುಬೈ ಸುಮಾರು 13,000 ಕಿ.ಮೀ., ಹದಿನೈದೂಮುಕ್ಕಾಲು ಗಂಟೆ. ಬೆಂಗಳೂರು ವಿಮಾನ ನಿಲ್ದಾಣದಿಂದ ಹುಬ್ಬಳ್ಳಿ 400 ಚಿಲ್ಲರೆ ಕಿ.ಮೀ., ಏಳು ಗಂಟೆ. ಭೂಮಿಯ ಮೂರನೇ ಒಂದು ಭಾಗ ಸುತ್ತಿಬರಲು ಬೇಕಾದ ಸಮಯದ ಹತ್ತಿರ ಹತ್ತಿರ ಅರ್ಧದಷ್ಟು ನಮ್ಮ ರಾಜ್ಯದೊಳಗೇ ಕಳೆಯಬೇಕು. ಊರಿನ ಬಸ್ಸಿನಲ್ಲಿ ಓಡಾಡಿದವರಿಗೆ ಇದೇನು ಹೊಸ ಸುದ್ದಿಯಲ್ಲ ಬಿಡಿ.

ಹದಿಮೂರೂವರೆ ಗಂಟೆಯ ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು ನಿದ್ದೆಯಲ್ಲೂ ಹೇಳುತ್ತಾರೆ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಹಾಗಾಗಿ ಒಂದು ಡಿಗ್ರಿಗೆ 4 ನಿಮಿಷ. ನಮ್ಮ ಸಮಯ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಅಮೆರಿಕದ ಪಶ್ಚಿಮ ಕರಾವಳಿಯ ಸಮಯ 120 ಡಿಗ್ರಿ ಪಶ್ಚಿಮದ ಮೇಲೆ. ಎರಡನ್ನೂ ಕೂಡಿಸಿದರೆ 202.5 ಡಿಗ್ರಿ. ನಾಲ್ಕರಿಂದ ಗುಣಿಸಿದರೆ 810 ನಿಮಿಷ, ಅದೇ ಹದಿಮೂರೂವರೆ ಗಂಟೆ. ನಾನೂ ಇದನ್ನು ಬಾಯಿಪಾಠ ಮಾಡಿದ್ದವನೇ. ಮಿರ್ಜಾಪುರದ ಹತ್ತಿರ ಹಾದುಹೋಗುವ ರೇಖೆ ಯಾವುದು ಎಂಬ ಪ್ರಶ್ನೆಗೆ ಎಷ್ಟೋ ಅಣಕು ಪರೀಕ್ಷೆಗಳಲ್ಲಿ ಟಿಕ್ ಹಾಕಿದ್ದೇನೆ. ಅದೇ ರೇಖೆ ನಮ್ಮಜ್ಜಿಯ ಆಪರೇಷನ್‌ಗೂ ಅಡ್ಡ ಬರುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ಬಾಯಿಪಾಠದಲ್ಲಿ ಇಲ್ಲದ ಒಂದು ಸಂಗತಿ ಇದೆ. ಎರಡು ತಿಂಗಳ ನಂತರ ಅದು ನನಗೆ ಒಂದು ಕೆಲಸವನ್ನೇ ತಪ್ಪಿಸಿತು. ಕಥೆಯ ನಡುವೆ ಬಂದರೂ ಕೆಲಸ ಹುಡುಕುತ್ತಿರುವವರಿಗೆ ಬೇಕಾಗುತ್ತದೆ ಎಂದು ಇಲ್ಲೇ ಹೇಳಿಬಿಡುತ್ತೇನೆ. ಮಾರ್ಚ್ 12ಕ್ಕೆ ಒಂದು ಕಂಪನಿಯ ಆನ್‌ಲೈನ್ ಇಂಟರ್‌ವ್ಯೂ. ಸಂದರ್ಶನ ಮಾಡುವವರು ಕ್ಯಾಲಿಫೋರ್ನಿಯಾದವರು. ಅಲ್ಲಿಯ ಬೆಳಿಗ್ಗೆ 8 ಎಂದು ಮೇಲ್‌ನಲ್ಲಿತ್ತು. ಅಜ್ಜಿಯ ಪ್ರಕರಣದಿಂದ ಪಂಡಿತನಾಗಿದ್ದ ನಾನು ಹದಿಮೂರೂವರೆ ಕೂಡಿಸಿ, ರಾತ್ರಿ 9.30 ಎಂದು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಇಸ್ತ್ರಿ ಶರ್ಟು ಹಾಕಿಕೊಂಡು, ಕರೆಂಟು ಹೋದರೆ ಇರಲಿ ಎಂದು ಪಕ್ಕದ ಮನೆಯ ಇನ್ವರ್ಟರ್‌ನಿಂದ ವೈರ್ ಎಳೆದುಕೊಂಡು 9.20ಕ್ಕೇ ಕುಳಿತೆ. ಸಂದರ್ಶನ 8.30ಕ್ಕೇ ಶುರುವಾಗಿ, ಅಭ್ಯರ್ಥಿ ಬರಲಿಲ್ಲವೆಂದು ಮುಗಿದೂ ಹೋಗಿತ್ತು. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ನವೆಂಬರ್‌ನ ಮೊದಲ ಭಾನುವಾರ ಮತ್ತೆ ಹಿಂದಕ್ಕೆ. ಆ ವರ್ಷ ಎರಡನೇ ಭಾನುವಾರ ಮಾರ್ಚ್ 10. ಅಂದಿನಿಂದ ನಮ್ಮ ಅವರ ಅಂತರ ಹನ್ನೆರಡೂವರೆ ಗಂಟೆ. ಕ್ಷಮೆ ಕೇಳಿ ಮೇಲ್ ಕಳಿಸಿದೆ, ಉತ್ತರ ಬರಲಿಲ್ಲ. ಇಂಟರ್‌ವ್ಯೂ ಪತ್ರದಲ್ಲಿ ಭಾರತದ ಸಮಯ ಬರೆದಿಲ್ಲದಿದ್ದರೆ ನಾಚಿಕೆ ಬಿಟ್ಟು ಕೇಳಿ. ನಾನು ಕೇಳಲಿಲ್ಲ, ದಡ್ಡ ಅಂದುಕೊಂಡಾರು ಎಂದು.

ಮಂಗಳವಾರ ರಾತ್ರಿಗೆ ಬರುತ್ತೇನೆ. ಮನೆಯವರೆಲ್ಲ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕುಳಿತೆವು. ಅಪ್ಪ ಕೊನೆಕೊಯ್ಲು ಅರ್ಧಕ್ಕೆ ಬಿಟ್ಟು ಬಂದಿದ್ದ, ಉಗುರಿನಲ್ಲಿ ಅಡಿಕೆ ಕಲೆ ಹಾಗೇ ಇತ್ತು. ‘ಒಂದು ದಿನ ಮುಂದಕ್ಕೆ ಹಾಕಿದರೆ?’ ಎಂದ ಚಿಕ್ಕಪ್ಪ. ಗುರುವಾರ ಅಮಾವಾಸ್ಯೆ, ಅವತ್ತು ಬೇಡವೇ ಬೇಡ ಎಂದರು ಅತ್ತೆ. ಅಂದರೆ ಶುಕ್ರವಾರ. ಡಾಕ್ಟರು ಅದನ್ನು ಕೇಳಿ ಬೈಯಲಿಲ್ಲ, ಅಜ್ಜಿ ಬಿದ್ದಿದ್ದು ಸೋಮವಾರ ಎಂದು ಮಾತ್ರ ನೆನಪಿಸಿದರು. ತಪ್ಪು ಲೆಕ್ಕ ಕೊಟ್ಟವನು ನಾನು. ಅಜ್ಜಿಗೆ ಹೇಳುವ ಕೆಲಸವೂ ನನ್ನ ತಲೆಗೇ ಬಂತು.

ಬುಧವಾರ ಬೆಳಿಗ್ಗೆ 6.30. ಅಕ್ಕನ ವಿಮಾನ ಹೊರಟಿದೆ ಎಂದು ಫೋನಿನಲ್ಲಿ ನೋಡಿದೆ. ಆಕಾಶದಲ್ಲಿರುವ ವಿಮಾನಗಳನ್ನೆಲ್ಲ ಭೂಪಟದ ಮೇಲೆ ಪುಟ್ಟ ಹಳದಿ ಹಕ್ಕಿಗಳಂತೆ ತೋರಿಸುವ ಆ್ಯಪ್‌ಗಳಿವೆಯಲ್ಲ, ಅದರಲ್ಲಿ. ಪ್ರತಿ ವಿಮಾನವೂ ತಾನು ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಎಂದು ರೇಡಿಯೊ ಸಂಕೇತದಲ್ಲಿ ಸಾರುತ್ತಲೇ ಇರುತ್ತದೆ. ನೆಲದ ಮೇಲಿನ ರಿಸೀವರ್‌ಗಳು ಅದನ್ನು ಹಿಡಿದು ಕಳಿಸುತ್ತವೆ. ನಾನು ಅಜ್ಜಿಯ ಮಂಚದ ಪಕ್ಕ ಕುಳಿತು ಹಕ್ಕಿಯನ್ನು ನೋಡುತ್ತಿದ್ದೆ. ಹತ್ತು ನಿಮಿಷಕ್ಕೊಮ್ಮೆ ಅಜ್ಜಿಯ ಪ್ರಶ್ನೆ: ‘ತಮಾ, ಕೂಸು ಎಲ್ಲಿಗೆ ಬಂತಡ?’

ವಿಮಾನ ನಮ್ಮ ಕಡೆಗೆ ಬರುತ್ತಲೇ ಇರಲಿಲ್ಲ. ಪೂರ್ವಕ್ಕೂ ಇಲ್ಲ, ಪಶ್ಚಿಮಕ್ಕೂ ಇಲ್ಲ, ನೆಟ್ಟಗೆ ಉತ್ತರಕ್ಕೆ ಹೋಗುತ್ತಿತ್ತು. ಕೆನಡಾ ದಾಟಿತು, ಇನ್ನೂ ಮೇಲೆ. ಅಮ್ಮ ಇಣುಕಿ ನೋಡಿ ‘ದಾರಿ ತಪ್ಪಿತಾ?’ ಎಂದಳು.

ಅಜ್ಜಿಗೆ ಯಾರೋ ತಂದಿಟ್ಟ ಮೂಸಂಬಿ ಪಕ್ಕದಲ್ಲಿತ್ತು. ಅದರ ಮೇಲೆ ಪೆನ್ನಿನಿಂದ ಎರಡು ಚುಕ್ಕೆ ಇಟ್ಟೆ. ಒಂದು ಅಕ್ಕನ ಊರು, ಹಣ್ಣಿನ ಆ ಕಡೆ. ಇನ್ನೊಂದು ದುಬೈ, ಈ ಕಡೆ. ತೊಟ್ಟು ಇದ್ದ ಜಾಗವೇ ಉತ್ತರ ಧ್ರುವ. ಅತ್ತೆಯ ಮುಡಿಯ ಹೂವಿನ ದಾರ ಇಸಿದುಕೊಂಡು ಎರಡು ಚುಕ್ಕೆಗಳ ನಡುವೆ ಬಿಗಿಯಾಗಿ ಎಳೆದೆ. ದಾರ ತಾನಾಗಿಯೇ ಜಾರಿ ತೊಟ್ಟಿನ ಮೇಲೆ ಹಾದು ಕುಳಿತಿತು. ಗೋಡೆಯ ಭೂಪಟ ನೋಡಿ ಬೆಳೆದ ನಾವು ಅಮೆರಿಕ ಎಡಗಡೆ ಇದೆ, ನಾವು ಬಲಗಡೆ ಇದ್ದೇವೆ, ನಡುವೆ ಅಟ್ಲಾಂಟಿಕ್ ಎಂದುಕೊಂಡಿರುತ್ತೇವೆ. ದುಂಡಗಿನ ಭೂಮಿಯಲ್ಲಿ ಹಾಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ 122 ಡಿಗ್ರಿ ಪಶ್ಚಿಮ, ದುಬೈ 55 ಡಿಗ್ರಿ ಪೂರ್ವ. ಕೂಡಿಸಿದರೆ ಹೆಚ್ಚುಕಡಿಮೆ 178, ಅಂದರೆ ಬಹುತೇಕ ಎದುರುಬದುರು. ಹೀಗಿರುವ ಎರಡು ಊರುಗಳ ನಡುವಿನ ಹತ್ತಿರದ ದಾರಿ ಧ್ರುವದ ಮೇಲೇ ಹಾಯಬೇಕು.

ದೂರವನ್ನೂ ಪೆನ್ನು ಹಿಡಿದೇ ಕಂಡುಹಿಡಿಯಬಹುದು. ಭೂಮಿಯ ಸುತ್ತಳತೆ 40,000 ಕಿ.ಮೀ. ಅದನ್ನು 360ರಿಂದ ಭಾಗಿಸಿದರೆ ಡಿಗ್ರಿಗೆ 111 ಕಿ.ಮೀ. ಸ್ಯಾನ್ ಫ್ರಾನ್ಸಿಸ್ಕೊ ಇರುವುದು 37.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿಂದ ಧ್ರುವಕ್ಕೆ 52.4 ಡಿಗ್ರಿ. ಧ್ರುವದಿಂದ ದುಬೈಗೆ ಇಳಿಯಲು 64.7 ಡಿಗ್ರಿ. ಒಟ್ಟು 117 ಡಿಗ್ರಿ, 111ರಿಂದ ಗುಣಿಸಿದರೆ 13,000 ಕಿ.ಮೀ. ಭೂಮಿಯ ಮೇಲೆ ಯಾವ ಎರಡು ಊರುಗಳೂ 20,000 ಕಿ.ಮೀ.ಗಿಂತ ದೂರ ಇರಲು ಸಾಧ್ಯವಿಲ್ಲ. ಅದಕ್ಕಿಂತ ದೂರವಾದರೆ ಆ ಕಡೆಯಿಂದ ಹತ್ತಿರವಾಗುತ್ತದೆ! ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಇರುವ ಅಂತರ ಆ ಗರಿಷ್ಠ ದೂರದ ನೂರಕ್ಕೆ ಎಪ್ಪತ್ತು ಪಾಲು.

ಈ ದಾರಿಯ ಬಗ್ಗೆ ನಾನು ಮೊದಲು ಓದಿದ್ದು ಕಾಲೇಜಿನಲ್ಲಿದ್ದಾಗ. 2021ರ ಜನವರಿ 9ರಂದು ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದಿಳಿಯಿತು. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವ, ಜೊತೆಗೆ ತನ್ಮಯಿ ಪಾಪಗಾರಿ, ಆಕಾಂಕ್ಷಾ ಸೋನವಾರೆ, ಶಿವಾನಿ ಮನ್ಹಾಸ್. ನಾಲ್ವರೂ ವಿಮಾನ ನಿಲ್ದಾಣದಿಂದ ನಗುತ್ತಾ ಹೊರಬರುವ ಫೋಟೊ ಪತ್ರಿಕೆಗಳಲ್ಲಿ ಬಂದಿತ್ತು. ಅಕ್ಕ ಅದನ್ನು ಸ್ಟೇಟಸ್ ಹಾಕಿಕೊಂಡಿದ್ದಳು. ಅವರು ಹೊರಟಿದ್ದು 9ರ ರಾತ್ರಿ 8.30ಕ್ಕೆ, ಇಳಿದಿದ್ದು 11ರ ನಸುಕಿನಲ್ಲಿ, ಮೂರು ದಾಟಿದ ಮೇಲೆ. ನಡುವಿನ 10ನೇ ತಾರೀಖು ಎಲ್ಲಿ ಹೋಯಿತು? ನಾನು ಲೆಕ್ಕ ಹಾಕಿ ನೋಡಿದ್ದೇನೆ. ಹೊರಡುವಾಗ ಕತ್ತಲೆ. ಜನವರಿಯಲ್ಲಿ ಧ್ರುವದ ಸುತ್ತ ಹಗಲೇ ಇಲ್ಲ. ರಷ್ಯಾದ ಮೇಲೆ ಬರುವ ಹೊತ್ತಿಗೆ ಅಲ್ಲೂ ರಾತ್ರಿ, ಬೆಂಗಳೂರಿನಲ್ಲಿ ಇನ್ನೂ ಬೆಳಗಾಗಿಲ್ಲ. ಹದಿನೇಳು ಗಂಟೆ ಹಾರಿದರೂ ಅವರಿಗೆ ಸೂರ್ಯ ಕಂಡಿರಲಿಕ್ಕಿಲ್ಲ.

ತಮಾಷೆಯೆಂದರೆ ಬೆಂಗಳೂರಿಗೆ ತೀರಾ ಹತ್ತಿರದ ದಾರಿ ಧ್ರುವದ ಮೇಲೆ ಇಲ್ಲ. ಅದು 71 ಡಿಗ್ರಿ ಉತ್ತರದವರೆಗೆ ಹೋಗಿ ತಿರುಗುತ್ತದೆ. ದುಬೈಗೆ ಹೋಗುವವರೇ ಧ್ರುವಕ್ಕೆ ಹೆಚ್ಚು ಹತ್ತಿರ.

ಮಧ್ಯಾಹ್ನ 1 ಗಂಟೆ ಸುಮಾರಿಗೆ ಹಳದಿ ಹಕ್ಕಿ ಭೂಪಟದ ಮೇಲ್ತುದಿಗೆ ಮುಟ್ಟಿ ಮಾಯವಾಯಿತು. ನಿಜವಾಗಿಯೂ ಭೂಪಟವೇ ಮುಗಿದಿತ್ತು. ಫೋನಿನ ನಕ್ಷೆಗಳು ದುಂಡಗಿನ ಭೂಮಿಯನ್ನು ಬಿಚ್ಚಿ ಚಪ್ಪಟೆ ಮಾಡಿದವು, 85 ಡಿಗ್ರಿಯಾಚೆಗೆ ಅವುಗಳಲ್ಲಿ ಜಾಗವೇ ಇಲ್ಲ. ಜೊತೆಗೆ ಆ ಮಂಜುಗಡ್ಡೆಯ ಸಮುದ್ರದಲ್ಲಿ ಸಂಕೇತ ಹಿಡಿಯುವ ರಿಸೀವರ್‌ಗಳೂ ಇಲ್ಲ, ಪರದೆಯ ಮೇಲೆ ‘ಅಂದಾಜು’ ಎಂದಷ್ಟೇ ಬರುತ್ತದೆ. ಇದೆಲ್ಲ ಈಗ ಗೊತ್ತು. ಆಗ ನನ್ನ ಕೈ ತಣ್ಣಗಾಯಿತು. ಅದರ ಹಿಂದಿನ ಜೂನ್‌ನಲ್ಲಿ, 2023ರಲ್ಲಿ, ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ಮೂಲೆಯ ಮಗದಾನ್ ಎಂಬ ಊರಿನಲ್ಲಿ ಇಳಿದು, ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಬೇರೆ ವಿಮಾನ ಬರುವವರೆಗೆ ಅಲ್ಲೇ ಕಾದಿದ್ದ ಸುದ್ದಿ ನೆನಪಾಯಿತು. ಬೇಡದ ಹೊತ್ತಿಗೇ ನೆನಪಾಗುತ್ತದೆ ಇಂಥವು.

‘ಕೂಸು ಎಲ್ಲಿಗೆ ಬಂತಡ?’

ಫೋನ್ ಮುಚ್ಚಿಟ್ಟೆ. ಇನ್ನು ಮುಂದೂಡುವ ಹಾಗಿರಲಿಲ್ಲ. ‘ಅಜ್ಜಿ, ನಾನು ತಪ್ಪು ಹೇಳಿದ್ದೆ. ಅಕ್ಕ ಇವತ್ತು ಬರೋದಿಲ್ಲ. ನಾಳೆ ಸಂಜೆ. ಈಗ ಅವಳು ಉತ್ತರ ಧ್ರುವದ ಹತ್ತಿರ ಇದ್ದಾಳೆ’ ಎಂದೆ. ಬೈಗುಳ ಬರುತ್ತದೆ, ಇಲ್ಲವೇ ಅಳು ಬರುತ್ತದೆ ಎಂದು ಕಾದೆ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಧ್ರುವ ಹೇಳಿರೆ, ಆ ನಕ್ಷತ್ರದ ಧ್ರುವನಾ?’

ಹೌದು ಎಂದೆ. ಉತ್ತರ ಧ್ರುವದಲ್ಲಿ ನಿಂತವರಿಗೆ ಧ್ರುವ ನಕ್ಷತ್ರ ನೆತ್ತಿಯ ಮೇಲೆ. ಸಮಭಾಜಕ ವೃತ್ತದಲ್ಲಿ ನಿಂತವರಿಗೆ ನೆಲಕ್ಕೆ ತಾಗಿದಂತೆ. ನಾವು ಎಷ್ಟನೇ ಅಕ್ಷಾಂಶದಲ್ಲಿ ಇದ್ದೇವೋ ಅಷ್ಟು ಡಿಗ್ರಿ ಎತ್ತರದಲ್ಲಿ ಅದು ಕಾಣುತ್ತದೆ. ನಮ್ಮ ಶಿರಸಿ ಕಡೆ 14-15 ಡಿಗ್ರಿ, ಅಡಿಕೆ ಮರದ ತಲೆಯ ಹಿಂದೆ ಅಡಗುವಷ್ಟು ತಗ್ಗಿನಲ್ಲಿ.

‘ಎಂಗಳ ಮದುವೆಲಿ ತೋರಿಸಿದ್ದ. ಎನಗೆ ಕಂಡಿದ್ದೇ ಇಲ್ಲೆ. ಕಂಡತು ಹೇಳಿ ಸುಳ್ಳು ಹೇಳಿದಿ’ ಎಂದರು ಅಜ್ಜಿ. ಮದುವೆಯ ದಿನ ಧ್ರುವನನ್ನೂ ಅರುಂಧತಿಯನ್ನೂ ತೋರಿಸುವ ಶಾಸ್ತ್ರ. ಹದಿನಾರು ವರ್ಷದ ಹುಡುಗಿ ತೋಟದ ಕತ್ತಲೆಯ ಕಡೆ ನೋಡಿ ತಲೆಯಾಡಿಸಿರಬೇಕು. ಆಮೇಲೆ ಅಜ್ಜಿ ಅಪ್ಪನನ್ನು ಕರೆದು, ಡಾಕ್ಟರಿಗೆ ಆಗಬಹುದು ಎಂದು ಹೇಳು, ಕೂಸು ಧ್ರುವನ ಹತ್ತಿರ ಇದ್ದಡ, ಇನ್ನೆಂತ ಹೆದರಿಕೆ ಎಂದರು. ಮುದುಕರ ತರ್ಕ ನಮಗೆ ಪೂರ್ತಿ ಅರ್ಥವಾಗುವುದಿಲ್ಲ. ನಾನು ಅರ್ಥ ಮಾಡಿಕೊಳ್ಳಲು ಹೋಗಲೂ ಇಲ್ಲ. ಸಹಿ ಹಾಕಬೇಕಾದ ಕಾಗದ ತರಲು ಓಡಿದೆ.

3 ಗಂಟೆಗೆ ಒಳಗೆ ಕರೆದೊಯ್ದರು. ಥಿಯೇಟರ್ ಹೊರಗೆ ಕುಳಿತವನಿಗೆ ಏನಾದರೂ ಓದುತ್ತಿರಬೇಕು ಅನ್ನಿಸಿತು, ಇಲ್ಲದಿದ್ದರೆ ಆ ಕೆಂಪು ಬಲ್ಬನ್ನೇ ನೋಡುತ್ತ ಕೂರಬೇಕು. ಹಾಗೆ ಓದುವಾಗ ಸಿಕ್ಕಿದ್ದು ಒಂದು ವಿಚಿತ್ರ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ಏರ್ ಇಂಡಿಯಾ ವಿಮಾನ ಮೊದಲು ಅಟ್ಲಾಂಟಿಕ್ ಮೇಲೆ ಹೋಗುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಅದನ್ನು ಪೆಸಿಫಿಕ್ ಮೇಲೆ ತಿರುಗಿಸಿದರು. ದೂರ ಸುಮಾರು 1,400 ಕಿ.ಮೀ. ಹೆಚ್ಚಾಗಿ 15,300 ಕಿ.ಮೀ. ಆಯಿತು. ಸಮಯ ಮಾತ್ರ ಹತ್ತಿರ ಹತ್ತಿರ ಎರಡು ಗಂಟೆ ಕಡಿಮೆಯಾಗಿ ಹದಿನಾಲ್ಕೂವರೆ ಗಂಟೆಗೆ ಬಂತು. ಹೆಚ್ಚು ದೂರ, ಕಡಿಮೆ ಸಮಯ!

ಕಾರಣ ಗಾಳಿ. ಹತ್ತು ಕಿಲೋಮೀಟರ್ ಆಸುಪಾಸಿನ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿಯ ಹೊಳೆಗಳಿವೆ. ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ವೇಗ ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. ಪೂರ್ವಕ್ಕೆ ಹೋಗುವ ವಿಮಾನವನ್ನು ಅದು ಬೆನ್ನಿಗೆ ಕೈಕೊಟ್ಟು ತಳ್ಳುತ್ತದೆ, ಎದುರು ಬರುವ ವಿಮಾನವನ್ನು ಎದೆಗೆ ಕೈಯಿಟ್ಟು ತಡೆಯುತ್ತದೆ. ಒಂದೇ ಎರಡು ಊರುಗಳ ನಡುವೆ ಹೋಗುವ ಸಮಯ ಬೇರೆ, ಬರುವ ಸಮಯ ಬೇರೆ ಆಗುವುದು ಇದರಿಂದಲೇ. ತುಂಬಿದ ಹೊಳೆಯಲ್ಲಿ ದೋಣಿ ನಡೆಸಿದವರಿಗೆ ವಿವರಣೆ ಬೇಡ.

ಈ ಗಾಳಿಯನ್ನು ಮೊದಮೊದಲು ಅಳೆದವರಲ್ಲಿ ಒಬ್ಬರು ವಾಸಾಬುರೊ ಓಯಿಶಿ ಎಂಬ ಜಪಾನಿ ಹವಾಮಾನ ವಿಜ್ಞಾನಿ. 1920ರ ದಶಕದಲ್ಲಿ ಬಲೂನು ಹಾರಿಸಿ, ಅದು ಸಾಗುವುದನ್ನು ನೋಡಿ ನೋಡಿ ಲೆಕ್ಕ ಬರೆದಿಟ್ಟರು. ಜಗತ್ತಿಗೆಲ್ಲ ತಿಳಿಯಲಿ ಎಂದು ವರದಿಯನ್ನು ಎಸ್ಪರಾಂಟೊ ಎಂಬ, ಯಾರ ತಾಯಿನುಡಿಯೂ ಅಲ್ಲದೆ ಎಲ್ಲರಿಗೂ ಸೇರಲೆಂದು ಕಟ್ಟಿದ ಭಾಷೆಯಲ್ಲಿ ಪ್ರಕಟಿಸಿದರು. ಹಾಗಾಗಿ ಹೆಚ್ಚಿನವರು ಓದಲೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರ್ ವಿಮಾನಗಳು ಜಪಾನಿನ ಮೇಲೆ ಆ ಗಾಳಿಗೆ ಸಿಕ್ಕಿ ಒದ್ದಾಡಿದವು. ಯಾವ ಭಾಷೆಯಲ್ಲಿ ಬರೆಯಬೇಕು ಎಂದು ತಲೆಕೆಡಿಸಿಕೊಳ್ಳುವ ನನ್ನಂಥವರು ಥಿಯೇಟರ್ ಹೊರಗೆ ಕುಳಿತೂ ನಕ್ಕೇವು.

5 ಗಂಟೆಗೆ ಡಾಕ್ಟರು ಹೊರಬಂದು ಮಾಸ್ಕ್ ಇಳಿಸಿ, ‘ರಾಡ್ ಹಾಕೇನಿ, ಚೊಲೊ ಆಗೇತಿ. ನಾಳೆ ಕುಂದ್ರಸೂಣು’ ಎಂದರು. ಅಪ್ಪ ಗೋಡೆಗೆ ತಲೆ ಒರಗಿಸಿದ.

ರಾತ್ರಿ 10 ದಾಟಿದ ಮೇಲೆ ದುಬೈಯಿಂದ ಅಕ್ಕನ ಕರೆ. ವಿಷಯ ಹೇಳಿದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. ‘ಎಷ್ಟೊತ್ತಿಗೆ ಆಯ್ತು?’ ಎಂದಳು. ಮೂರರಿಂದ ಐದು ಎಂದೆ. ಅವಳ ಮನಸ್ಸು ಆ ಹೊತ್ತಿಗೆ ತಾನು ಎಲ್ಲಿದ್ದೆ ಎಂದು ಲೆಕ್ಕ ಹಾಕುತ್ತಿತ್ತು. ಆಗಲೇ ಕಿಟಕಿಯಲ್ಲಿ ಬೆಳಕು ಕಂಡಿತಂತೆ. ರಷ್ಯಾದ ಉತ್ತರ ತೀರ ದಾಟುವ ಹೊತ್ತಿಗೆ ದಿಗಂತದ ಅಂಚಿನಲ್ಲಿ ಸೂರ್ಯ ಎದ್ದ, ಮೇಲೆ ಏರಲೇ ಇಲ್ಲ, ಅಂಚಿಗೇ ಅಂಟಿಕೊಂಡಿದ್ದು ಎರಡೂವರೆ ಗಂಟೆಯಲ್ಲಿ ಮುಳುಗಿಬಿಟ್ಟ. ‘ನನ್ನ ಬುಧವಾರ ಅಷ್ಟೇ ಕಣೋ’ ಎಂದಳು. ಧ್ರುವ ನಕ್ಷತ್ರ ಕಂಡಿತಾ ಎಂದು ಕೇಳಿದೆ. ನೆತ್ತಿಯ ಮೇಲೆ ಇರುವುದು ವಿಮಾನದ ಕಿಟಕಿಯಿಂದ ಹೇಗೆ ಕಾಣಬೇಕು ಎಂದು ಬೈದಳು. ಅಲ್ಲದೆ ಆಗ ಅವಳಿಗೆ ನಿದ್ದೆ ಹತ್ತಿತ್ತಂತೆ. ಇದನ್ನು ಅಜ್ಜಿಗೆ ಹೇಳಬಾರದು ಎಂದು ಇಬ್ಬರೂ ಒಪ್ಪಿಕೊಂಡೆವು.

ಗುರುವಾರ ಸಂಜೆ 5.20ಕ್ಕೆ ಟ್ಯಾಕ್ಸಿ ಆಸ್ಪತ್ರೆಯ ಮುಂದೆ ನಿಂತಿತು. ಹೆದ್ದಾರಿ ಕೆಲಸ ನಡೆಯುವಲ್ಲಿ ಇಪ್ಪತ್ತು ನಿಮಿಷ ತಡವಾಗಿತ್ತು. ಸನಿವೇಲ್‌ನ ಮನೆ ಬಾಗಿಲಿನಿಂದ ಇಲ್ಲಿಯವರೆಗೆ ನಲವತ್ತು ಗಂಟೆ. ಅಕ್ಕ ಬ್ಯಾಗನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದಳು. ಅಜ್ಜಿ ದಿಂಬಿಗೆ ಒರಗಿ ಕುಳಿತಿದ್ದರು. ಅಕ್ಕನ ಮುಖ ಸವರಿ, ಮೊದಲು ಕೇಳಿದ್ದು: ‘ಉಂಡ್ಯನೇ?’

ಅವತ್ತು ರಾತ್ರಿ ವಾರ್ಡಿನಲ್ಲಿ ಒಬ್ಬರಿಗಷ್ಟೇ ಇರಲು ಅವಕಾಶ. ಮೂರು ರಾತ್ರಿ ನಿದ್ದೆಗೆಟ್ಟಿದ್ದ ನಾವು ಯಾರೂ ಕುಳಿತಲ್ಲಿ ಕೂರುವ ಸ್ಥಿತಿಯಲ್ಲಿ ಇರಲಿಲ್ಲ. ಅಕ್ಕ ತಾನು ಇರುತ್ತೇನೆ ಎಂದಳು. ಅಷ್ಟು ದೂರ ಬಂದವಳು ಎಂದು ಅಮ್ಮ ಬೇಡ ಅಂದಳು. ಆದರೆ ಅಕ್ಕನ ಮೈಯೊಳಗಿನ ಗಡಿಯಾರ ಇನ್ನೂ ಕ್ಯಾಲಿಫೋರ್ನಿಯಾದಲ್ಲೇ ಇತ್ತು. ನಮ್ಮ ರಾತ್ರಿ 2 ಅದಕ್ಕೆ ಮಧ್ಯಾಹ್ನ ಹನ್ನೆರಡೂವರೆ. ಮಲಗು ಎಂದರೂ ನಿದ್ದೆ ಬರುವ ಹೊತ್ತಲ್ಲ. ಅಷ್ಟು ಸಮಯಗಳನ್ನು ದಾಟಿ ಬಂದ ದೇಹ ದಿನಕ್ಕೆ ಒಂದು ಗಂಟೆಯಷ್ಟೇ ಹೊಂದಿಕೊಳ್ಳುತ್ತದೆ ಎನ್ನುತ್ತಾರೆ.

ನಡುರಾತ್ರಿ ನೀರಿನ ಬಾಟಲಿ ಕೊಡಲು ನಾನು ಮೇಲೆ ಹೋದೆ. ನೋವಿಗೆ ಅಜ್ಜಿಗೂ ನಿದ್ದೆ ಇರಲಿಲ್ಲ. ವಾರ್ಡಿನ ಮಂದ ಬೆಳಕಿನಲ್ಲಿ ಇಬ್ಬರೂ ಪಿಸುಮಾತು ಆಡುತ್ತಿದ್ದರು. ಅಕ್ಕನ ಕೈಯಲ್ಲಿ ನಾನು ಪೆನ್ನಿನಿಂದ ಗೀಚಿದ್ದ ಮೂಸಂಬಿ. ತೊಟ್ಟಿನ ಕಡೆಯಿಂದ ಸಿಪ್ಪೆ ಸುಲಿದು, ಒಂದೊಂದೇ ತೊಳೆ ಬಿಡಿಸಿ ಅಜ್ಜಿಯ ಬಾಯಿಗೆ ಇಡುತ್ತಿದ್ದಳು.